‘ಓ’ ಎಂದು ಬರೆದದ್ದೆಲ್ಲ ‘ಓ’ ರಕ್ತವಲ್ಲ

ಸಕ್ಕರೆ ಎಂದೊಡನೆ ಚಹಾ, ಹೋಳಿಗೆ, ಇಲ್ಲವೇ ಸಕ್ಕರೆ ಕಾಯಿಲೆ ನೆನಪಾಗುತ್ತದೆ. ಆದರೆ ನಿಮ್ಮ ರಕ್ತದ ಗುಂಪನ್ನು ನಿರ್ಧರಿಸುವುದೂ ಸಕ್ಕರೆಯೇ. ಇದು ನಾವು ತಿನ್ನುವ ಸಕ್ಕರೆಯಲ್ಲ. ಕೆಂಪು ರಕ್ತಕಣದ ಹೊರಮೈಯಲ್ಲಿ ಹಲವು ಬಗೆಯ ಸಕ್ಕರೆಗಳು ಕೊಂಡಿಗಳಂತೆ ಸೇರಿ ಆದ ಸರಪಳಿ.

ಸರಪಳಿಯ ತುದಿಗೆ ಮೊದಲು ಫ್ಯೂಕೋಸ್ ಎಂಬ ಸಕ್ಕರೆ ಸೇರುತ್ತದೆ. ಆಗ ಆಗುವುದೇ ‘ಎಚ್’ ಅಂಶ. ಅದಕ್ಕೆ ಒಂದು ಬಗೆಯ ಸಕ್ಕರೆ ಕೂಡಿದರೆ ‘ಎ’, ಇನ್ನೊಂದು ಬಗೆಯದು ಕೂಡಿದರೆ ‘ಬಿ’, ಎರಡೂ ಇದ್ದರೆ ‘ಎಬಿ’. ಏನೂ ಕೂಡದೆ ‘ಎಚ್’ ಮಾತ್ರ ಉಳಿದರೆ ‘ಓ’.

ಕೆಲವರಲ್ಲಿ ಈ ‘ಎಚ್’ ಕೂಡ ಇರುವುದಿಲ್ಲ. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಇದನ್ನು ಮೊದಲು ಗುರುತಿಸಿದ್ದರಿಂದ ‘ಬಾಂಬೆ ಗುಂಪು’ ಎಂಬ ಹೆಸರು ಬಂತು. ಭಾರತದಲ್ಲಿ ಸುಮಾರು 10,000 ಜನರಿಗೆ ಒಬ್ಬರಲ್ಲಿ ಇದು ಇರಬಹುದೆಂಬ ಅಂದಾಜಿದೆ.

ಇದು ರೋಗವಲ್ಲ. ಇಂಥವರು ಎಲ್ಲರಂತೆ ಆರೋಗ್ಯವಾಗಿಯೇ ಇರುತ್ತಾರೆ. ತೊಂದರೆ ಬರುವುದು ರಕ್ತ ಬೇಕಾದಾಗ. ಸಾಮಾನ್ಯ ಪರೀಕ್ಷೆಯಲ್ಲಿ ಈ ರಕ್ತ ‘ಓ’ ಎಂದೇ ಕಾಣುತ್ತದೆ. ‘ಓ’ ರಕ್ತವನ್ನೇ ಕೊಟ್ಟರೆ, ಶರೀರದ ಪ್ರತಿಕಾಯಗಳು ಅದರ ಕಣಗಳನ್ನು ಒಡೆದುಹಾಕುತ್ತವೆ. ಮೂತ್ರಪಿಂಡ ಕೆಡಬಹುದು, ಜೀವವೂ ಹೋಗಬಹುದು. ರೋಗಿಯ ರಕ್ತದ ತಿಳಿಯನ್ನು ‘ಓ’ ಕಣಗಳೊಡನೆ ಬೆರೆಸಿ ನೋಡಿದರೆ ಕಣಗಳು ಗಂಟುಕಟ್ಟುತ್ತವೆ. ಗುಟ್ಟು ಅಲ್ಲಿ ತಿಳಿಯುತ್ತದೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಓದುಗರಿಗೆ ಇದನ್ನು ಹೇಳಲು ಕಾರಣವಿದೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದರೆ ಮಾತ್ರ ಮಗುವಿಗೆ ಬಾಂಬೆ ಗುಂಪು ಬರುತ್ತದೆ. ರಕ್ತಸಂಬಂಧದ ಮದುವೆಯಲ್ಲಿ ಅದರ ಸಾಧ್ಯತೆ ಹೆಚ್ಚು.

ಇನ್ನೊಂದು ಮಾತು. ತಂದೆಯದು ‘ಎಬಿ’ ಇದ್ದು ಮಗುವಿನದು ‘ಓ’ ಎಂದು ಬಂದರೆ ಕೆಲವು ಮನೆಗಳಲ್ಲಿ ತಾಯಿಯ ಮೇಲೆ ಸಂಶಯ ಹುಟ್ಟುತ್ತದೆ. ಮಗುವಿನದು ಬಾಂಬೆ ಗುಂಪಾಗಿದ್ದರೂ ಹೀಗೆ ಕಾಣಬಹುದು. ಮೊದಲ ಚೀಟಿಯನ್ನು ನಂಬಿ ಸಂಸಾರ ಕೆಡಿಸಿಕೊಳ್ಳಬೇಡಿ, ಮರುಪರೀಕ್ಷೆ ಮಾಡಿಸಿ.

ನೀವು ಮಾಡಬೇಕಾದದ್ದು ಇಷ್ಟು. ಬಸುರಿಯರ ರಕ್ತದ ಗುಂಪನ್ನು ಮೊದಲ ತಿಂಗಳುಗಳಲ್ಲೇ ಪರೀಕ್ಷಿಸಿಡಿ, ಹೆರಿಗೆ ನೋವು ಬರುವವರೆಗೆ ಕಾಯಬೇಡಿ. ‘ಓ’ ಎಂದಿದ್ದವರಿಗೆ ಯಾವ ‘ಓ’ ರಕ್ತವೂ ಹೊಂದದಿದ್ದರೆ ಬಾಂಬೆ ಗುಂಪಿನ ಪರೀಕ್ಷೆ ಮಾಡಿಸುವಂತೆ ವೈದ್ಯರನ್ನು ಕೇಳಿ. ಮನೆಯಲ್ಲಿ ಒಬ್ಬರದು ಬಾಂಬೆ ಗುಂಪೆಂದು ಗೊತ್ತಾದರೆ ಒಡಹುಟ್ಟಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ಒಬ್ಬೊಬ್ಬರಲ್ಲೂ ಅದು ಇರುವ ಸಾಧ್ಯತೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಕಷ್ಟಕಾಲದಲ್ಲಿ ರಕ್ತ ಕೊಡಬಲ್ಲವರು ಹೆಚ್ಚಾಗಿ ಅವರೇ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಈ ಗುಂಪಿನ ದಾನಿಗಳನ್ನು ಒಗ್ಗೂಡಿಸುವ ಕೆಲಸ ಮಾಡಿದೆ. ನಿಮ್ಮದು ಈ ಗುಂಪಾದರೆ ಹತ್ತಿರದ ರಕ್ತನಿಧಿಯಲ್ಲಿ ಹೆಸರು ಬರೆಸಿ, ಗುಂಪಿನ ಚೀಟಿಯನ್ನು ಸದಾ ಜೇಬಿನಲ್ಲಿ ಇಟ್ಟುಕೊಳ್ಳಿ.