ಕರಿಗಣ್ಣಿನೊಳಗಿನ ಸಹಿ

ನಮ್ಮೂರ ಕಣ್ಣುಗಳನ್ನು ಕಪ್ಪು ಎಂದು ಹೇಳಿ ಸುಮ್ಮನಾಗುತ್ತೇವಲ್ಲ, ಅದೇ ಕಣ್ಣಿಗೆ ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು ಫೋಟೊ ತೆಗೆದು ನೋಡಬೇಕು! ಪಾಪೆಯ ಸುತ್ತ ಎಳೆಗಳು, ಗುಳಿಗಳು, ಸುಕ್ಕುಗಳು, ಉಂಗುರಗಳು. ಕಣ್ಣಿನ ಈ ಭಾಗವೇ ಐರಿಸ್; ಅದರ ಚಿತ್ತಾರ ತಾಯಿಯ ಹೊಟ್ಟೆಯಲ್ಲೇ ಮೂಡುತ್ತದೆ. ಎಡಗಣ್ಣಿನದು ಬಲಗಣ್ಣಿಗಿಲ್ಲ, ಅವಳಿ ಮಕ್ಕಳಲ್ಲೂ ಒಂದೇ ಇಲ್ಲ. ಕೇಂಬ್ರಿಜ್‌ನ ವಿಜ್ಞಾನಿ ಜಾನ್ ಡೌಗ್‌ಮನ್ ಈ ಚಿತ್ತಾರವನ್ನು ಬರೀ 2,048 ಸೊನ್ನೆ–ಒಂದುಗಳಿಗೆ ಇಳಿಸಿದರು. 1984ರಲ್ಲಿ ತೆಗೆದ ಆ ಪ್ರಸಿದ್ಧ ಅಫ್ಘನ್ ಹುಡುಗಿಯ ಚಿತ್ರ ನೆನಪಿದೆಯೇ? 2002ರಲ್ಲಿ ಸಿಕ್ಕ ಮಹಿಳೆ ಅವಳೇ ಎಂದು ಹೇಳಿದ್ದು ಇದೇ ಲೆಕ್ಕ. ಮುಖ ಬಾಡಿತ್ತು, ಕಣ್ಣು ಹಾಗೇ ಇತ್ತು!

ಬೆರಳ ಗುರುತು ಹೀಗೆ ಉಳಿಯುವುದಿಲ್ಲ. ಮಂಡ್ಯದಲ್ಲಿ ಕಬ್ಬು ಕಡಿಯುವವರ ಹೆಬ್ಬೆರಳನ್ನು ಹತ್ತಿರದಿಂದ ನೋಡಿ. ಮಚ್ಚಿನ ಹಿಡಿ ಉಜ್ಜಿ, ಗರಿ ಗೀರಿ, ಚರ್ಮ ದಡ್ಡುಗಟ್ಟಿ ಗೆರೆಗಳೇ ಸವೆದಿರುತ್ತವೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒರೆಸಿ ಒರೆಸಿ ಒತ್ತಿದರೂ ಯಂತ್ರ ಒಪ್ಪದಿರಬಹುದು. 2010ರಲ್ಲಿ ಶುರುವಾದ ಆಧಾರ್ ಹತ್ತು ಬೆರಳಿನ ಜೊತೆ ಎರಡು ಕಣ್ಣನ್ನೂ ಸೇರಿಸಿಕೊಂಡದ್ದು ಇಂಥವರಿಗೆ ಎಂಥ ಆಸರೆ!

ದನಿಯೇನು ಕಡಿಮೆ ಸೋಜಿಗವೇ? ಧ್ವನಿತಂತುಗಳು ಸೆಕೆಂಡಿಗೆ ನೂರಿನ್ನೂರು ಸಲ ಅದುರುತ್ತವೆ. ಗಂಟಲು, ಬಾಯಿ, ಮೂಗು ಸೇರಿ ಅದನ್ನು ಒಬ್ಬೊಬ್ಬರ ದನಿಯಾಗಿಸುತ್ತವೆ. ದನಿ ಹಿಡಿಯಲು ಬೇರೆ ಯಂತ್ರ ಬೇಡ, ಮೊಬೈಲೇ ಸಾಕು. ಓದು ಬರದ ರೈತ ‘ಕಬ್ಬಿನ ದುಡ್ಡು ಬಂದೈತಾ?’ ಅಂದರೆ ಫೋನಿಗೆ ಅರ್ಥವಾಗಬೇಕು. ಅದಕ್ಕಾಗಿಯೇ ಬೆಂಗಳೂರಿನ ಐಐಎಸ್‌ಸಿಯ ರೆಸ್ಪಿನ್ ಯೋಜನೆ, ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಬೇಸಾಯ, ಹಣಕಾಸಿನ ಮಾತುಗಳನ್ನು ಆಯಾ ಸೀಮೆಯ ಆಡುನುಡಿಯಲ್ಲೇ ಕಲೆಹಾಕಿತು.

ಆದರೆ ಮಾತು ತಿಳಿಯುವುದು ಒಂದು, ಮಾತಾಡಿದವರು ಯಾರೆಂದು ತಿಳಿಯುವುದು ಇನ್ನೊಂದು. ನೆಗಡಿಯಾದರೆ ದನಿ ಬದಲು. ಮೇಲಾಗಿ ಕೆಲವೇ ಸೆಕೆಂಡುಗಳ ರೆಕಾರ್ಡಿಂಗ್ ಸಿಕ್ಕರೆ ಸಾಕು, ಕೃತಕ ಬುದ್ಧಿಮತ್ತೆ ಅದೇ ದನಿಯಲ್ಲಿ ಮಾತಾಡಿಬಿಡುತ್ತದೆ. ಹಾಗಾಗಿ ರೇಷನ್ನು, ಪಿಂಚಣಿ, ಸಾಲದಂಥ ಕೆಲಸಕ್ಕೆ ನನ್ನ ಆಯ್ಕೆ ಐರಿಸ್; ವಿಚಾರಿಸುವ, ಮಾಹಿತಿ ಕೇಳುವ ಕೆಲಸಕ್ಕೆ ದನಿ. ಪೊರೆಯ ಶಸ್ತ್ರಚಿಕಿತ್ಸೆ ಆದವರ ಕಣ್ಣನ್ನು ಯಂತ್ರ ಕೆಲವೊಮ್ಮೆ ಒಪ್ಪುವುದಿಲ್ಲ, ಅವರಿಗೆ ಇನ್ನೊಂದು ದಾರಿ ಇಟ್ಟಿರಲೇಬೇಕು.

ಸಾಫ್ಟ್‌ವೇರ್ ಬರೆಯುವ ಗೆಳೆಯರೇ, ಎಸಿ ಕೋಣೆಯಲ್ಲೇ ಪರೀಕ್ಷೆ ಮುಗಿಸಬೇಡಿ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಐರಿಸ್ ಕ್ಯಾಮೆರಾ ಬಯಲಲ್ಲಿ ತಡವರಿಸುತ್ತದೆ. ಅದನ್ನು ಮಳವಳ್ಳಿಯ ನಡುಹಗಲಲ್ಲಿ ಹಿಡಿದು ನೋಡಿ. ಮೈಕನ್ನು ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ, ಲಾರಿಗಳ ಹಾರನ್ ನಡುವೆ ಆನ್ ಮಾಡಿ. ಅಲ್ಲಿ ಕೆಲಸ ಮಾಡಿದ್ದನ್ನೇ ನಮ್ಮ ಜನರ ಕೈಗೆ ಕೊಡಿ.