ಆರಿಸಿದ್ದು ಉತ್ತರ ಕನ್ನಡ, ಹೋಗಿದ್ದು ಬರೀ ‘ಉತ್ತರ’

ನಿಮ್ಮ ವೆಬ್‌ಸೈಟಿಗೆ ಒಂದು ಅರ್ಜಿ ಫಾರ್ಮ್ ಮಾಡಿದ್ದೀರಿ. ಜಿಲ್ಲೆ ಆರಿಸಲು ಅದರಲ್ಲೊಂದು ಡ್ರಾಪ್‌ಡೌನ್ ಇದೆ. ಒತ್ತಿದರೆ ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿ. ಅರ್ಜಿದಾರರು ‘ಉತ್ತರ ಕನ್ನಡ’ ಆರಿಸಿದರೂ ನಿಮಗೆ ಬರುವುದು ‘ಉತ್ತರ’ ಮಾತ್ರ. ಪಟ್ಟಿಯಲ್ಲಿ ಹೆಸರು ಸರಿಯಾಗಿಯೇ ಕಾಣುತ್ತಿದೆಯಲ್ಲ ಎನ್ನುತ್ತೀರಾ?

ಗುಟ್ಟು ಇರುವುದೇ ಅಲ್ಲಿ. ಪಟ್ಟಿಯ ಪ್ರತಿ ಸಾಲಿಗೆ ಆಪ್ಷನ್ ಎನ್ನುತ್ತಾರೆ. ಕಣ್ಣಿಗೆ ಕಾಣುವ ಹೆಸರು ಡಬ್ಬಿಯ ಮೇಲಿನ ಚೀಟಿ ಇದ್ದಂತೆ. ಒಳಗಿನ ಸಾಮಾನು ‘ವ್ಯಾಲ್ಯೂ’. ಸರ್ವರ್‌ಗೆ ಹೋಗುವುದು ಇದೇ. ವ್ಯಾಲ್ಯೂ ಬರೆಯದೇ ಬಿಟ್ಟಿದ್ದರೆ ಮಾತ್ರ ಬ್ರೌಸರ್ ಚೀಟಿಯ ಹೆಸರನ್ನೇ ಕಳಿಸುತ್ತದೆ.

ತಪ್ಪು ಎಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಫಾರ್ಮ್ ತೆರೆದು ಎಫ್12 ಒತ್ತಿ. ‘ನೆಟ್‌ವರ್ಕ್’ ವಿಭಾಗದಲ್ಲಿ ‘ಪ್ರಿಸರ್ವ್ ಲಾಗ್’ಗೆ ಟಿಕ್ ಹಾಕಿ, ಪುಟ ಬದಲಾದರೂ ದಾಖಲೆ ಉಳಿಯುತ್ತದೆ. ಈಗ ಫಾರ್ಮ್ ಸಲ್ಲಿಸಿ, ಅಲ್ಲಿ ಮೂಡುವ ಸಲ್ಲಿಕೆಯ ಸಾಲನ್ನು ಒತ್ತಿ ‘ಪೇಲೋಡ್’ ನೋಡಿ. ಬ್ರೌಸರ್ ಕಳಿಸಿದ್ದು ಅಲ್ಲಿರುತ್ತದೆ. ಅದು ಸರಿಯಿದ್ದರೆ ಸರ್ವರ್ ಕಡೆ ಹುಡುಕಿ. ಪೇಲೋಡ್‌ನಲ್ಲೂ ‘ಉತ್ತರ’ ಎಂದಷ್ಟೇ ಇದ್ದರೆ ದೋಷ ಪುಟದ್ದೇ.

ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಆರಿಸಿ. ‘ಉತ್ತರ ಕನ್ನಡ’ದ ಆಪ್ಷನ್ ಒಳಗೆ ವ್ಯಾಲ್ಯೂ ‘ಉತ್ತರ’ಕ್ಕೇ ಮುಗಿದಿರುತ್ತದೆ, ‘ಕನ್ನಡ’ ಪಕ್ಕದಲ್ಲಿ ಒಂಟಿಯಾಗಿ ನಿಂತಿರುತ್ತದೆ. ಕೋಡ್ ಬರೆಯುವಾಗ ವ್ಯಾಲ್ಯೂಗೆ ಕೊಟೇಶನ್ ಗುರುತು ಹಾಕಿಲ್ಲ, ಅಷ್ಟೇ. ಗುರುತಿಲ್ಲದಿದ್ದರೆ ಬ್ರೌಸರ್ ಮೊದಲ ಖಾಲಿ ಜಾಗಕ್ಕೇ ನಿಲ್ಲಿಸಿಬಿಡುತ್ತದೆ. ಎರಡೂ ಕಡೆ ಗುರುತು ಹಾಕಿ, ಸರಿಹೋಗುತ್ತದೆ.

ಬೇರೆ ಲಕ್ಷಣಗಳಿದ್ದರೆ ಹೀಗೆ ನೋಡಿ:

ಅರ್ಜಿದಾರರೆಲ್ಲ ಉಡುಪಿಯವರೇ? ಏನೂ ಆರಿಸದಿದ್ದರೆ ಬ್ರೌಸರ್ ಪಟ್ಟಿಯ ಮೊದಲ ಹೆಸರನ್ನೇ ಹಿಡಿಯುತ್ತದೆ. ಎಲ್ಲಕ್ಕಿಂತ ಮೇಲೆ ‘ಜಿಲ್ಲೆ ಆರಿಸಿ’ ಎಂಬ ಸಾಲಿಡಿ. ಅದರ ವ್ಯಾಲ್ಯೂ ಖಾಲಿಯಿರಲಿ. ಇಡೀ ಪಟ್ಟಿಯನ್ನು ಸುತ್ತುವರಿದ ಸೆಲೆಕ್ಟ್ ಟ್ಯಾಗ್‌ಗೆ ‘ರಿಕ್ವೈರ್ಡ್’ ಸೇರಿಸಿ. ಆರಿಸದೆ ಮುಂದೆ ಹೋಗಲಾಗದು.

ಏನೂ ಬರುತ್ತಿಲ್ಲವೇ? ಸೆಲೆಕ್ಟ್ ಟ್ಯಾಗ್‌ಗೆ ‘ನೇಮ್’ ಇಲ್ಲದಿರಬಹುದು, ಇಲ್ಲವೇ ಅದು ‘ಡಿಸೇಬಲ್ಡ್’ ಆಗಿರಬಹುದು.

ಪಟ್ಟಿಯಲ್ಲಿ ಆರಿಸಿದ 5ಕ್ಕೆ 1 ಕೂಡಿಸಿದರೆ 51 ಬರುತ್ತಿದೆಯೇ? ಜಾವಾಸ್ಕ್ರಿಪ್ಟ್‌ಗೆ ವ್ಯಾಲ್ಯೂ ಸಿಗುವುದು ಅಕ್ಷರಗಳಾಗಿ. ಮೊದಲು ‘ನಂಬರ್’ ಫಂಕ್ಷನ್‌ನಿಂದ ಸಂಖ್ಯೆ ಮಾಡಿಕೊಳ್ಳಿ.

ಖರ್ಚು? ಒಂದು ಪೈಸೆಯೂ ಇಲ್ಲ. ಎಫ್12 ಒತ್ತಿದಾಗ ತೆರೆಯುವ ಸಲಕರಣೆ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರರಲ್ಲೂ ಇದೆ; ಹೆಸರುಗಳು ತುಸು ಬೇರೆ. ಬಿಟ್ಟುಹೋದ ಕೊಟೇಶನ್ ಹುಡುಕಲು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿಯ ಉಚಿತ ವ್ಯಾಲಿಡೇಟರ್‌ಗೆ ಪುಟದ ಕೋಡ್ ಅಂಟಿಸಿ. ಒಂಟಿಯಾಗಿ ನಿಂತ ‘ಕನ್ನಡ’ವನ್ನು ಅದು ತಪ್ಪೆಂದು ಎತ್ತಿ ತೋರಿಸುತ್ತದೆ.

ಕೋಡ್ ತಿದ್ದಿದ ಮಾತ್ರಕ್ಕೆ ಹಳೆಯ ಅರ್ಜಿಗಳು ಸರಿಯಾಗುವುದಿಲ್ಲ. ‘ಉತ್ತರ’, ‘ದಕ್ಷಿಣ’ ಎಂದು ಉಳಿದವನ್ನು ಕೈಯಾರೆ ತಿದ್ದಬಹುದು. ಆದರೆ ಬೆಂಗಳೂರು ಹೆಸರಿನ ಜಿಲ್ಲೆಗಳೆಲ್ಲ ಬರೀ ‘ಬೆಂಗಳೂರು’ ಆಗಿ ಕಲಸಿಹೋಗಿರುತ್ತವೆ. ಆ ಅರ್ಜಿದಾರರಿಗೆ ಫೋನ್ ಮಾಡಿ ಕೇಳುವುದೇ ದಾರಿ.