ಕೀಲುನೋವಿಗೂ ಮರೆವಿಗೂ ವಯಸ್ಸೊಂದೇ ಕಾರಣವಲ್ಲ

ಕೀಲು ನೊಂದರೆ ಕೊಡಗಿನ ಮಳೆ-ಚಳಿಯನ್ನು, ಮರೆವು ಬಂದರೆ ವಯಸ್ಸನ್ನು ದೂರುವುದು ನಮ್ಮಲ್ಲಿ ರೂಢಿ. ಇವೆರಡರ ಹಿಂದೆಯೂ ಒಮ್ಮೊಮ್ಮೆ ಒಂದೇ ಕಾಯಿಲೆ ಇರಬಹುದೆಂಬುದು ಅನೇಕರಿಗೆ ತಿಳಿಯದು.

ರುಮಟಾಯ್ಡ್ ಸಂಧಿವಾತವು ಕೀಲು ಸವೆದು ಬರುವ ನೋವಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವುದು ಇದರ ಮೂಲ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಎರಡು-ಮೂರು ಪಟ್ಟು ಹೆಚ್ಚು. ಅನೇಕರಲ್ಲಿ ದುಡಿಯುವ ವಯಸ್ಸಿನಲ್ಲೇ ಆರಂಭವಾಗುತ್ತದೆ. ಉರಿಯೂತಕ್ಕೆ ಕಾರಣವಾಗುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6ರಂತಹ ವಸ್ತುಗಳು ಕೀಲಿನಲ್ಲೇ ಉಳಿಯದೆ ರಕ್ತದೊಡನೆ ಸಂಚರಿಸುತ್ತವೆ. ಮಿದುಳಿನ ಮೇಲೂ ಪ್ರಭಾವ ಬೀರಬಲ್ಲವು. ಈ ರೋಗಿಗಳಲ್ಲಿ ನೆನಪು, ಏಕಾಗ್ರತೆ, ಯೋಜಿಸುವ ಶಕ್ತಿ ಸರಾಸರಿಯಾಗಿ ತುಸು ಕುಂದಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಹಾಗೆಂದು ಉರಿಯೂತವೊಂದನ್ನೇ ದೂರುವಂತಿಲ್ಲ. ನಿದ್ದೆಗೆಡಿಸುವ ನೋವು, ಖಿನ್ನತೆ, ಹೃದಯ ಮತ್ತು ರಕ್ತನಾಳಗಳ ತೊಂದರೆಗಳಿಗೂ ಇದರಲ್ಲಿ ಪಾಲಿದೆ. ಸಂಧಿವಾತವಿರುವವರೆಲ್ಲರಿಗೂ ಮರೆಗುಳಿತನ ಬರುತ್ತದೆಂಬ ಭಯವೂ ಬೇಕಿಲ್ಲ.

ಎಚ್ಚರ ಬೇಕಿರುವುದು ಔಷಧದ ವಿಷಯದಲ್ಲಿ. ಈ ಕಾಯಿಲೆಗೆ ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮೆಥೊಟ್ರೆಕ್ಸೇಟ್ ದುಬಾರಿಯಲ್ಲದ, ಪರಿಣಾಮಕಾರಿ ಗುಳಿಗೆ. ಆದರೆ ಅದನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕು. ತಪ್ಪಿ ದಿನವೂ ನುಂಗಿದರೆ ಅಸ್ಥಿಮಜ್ಜೆಗೆ ಪೆಟ್ಟು ಬಿದ್ದು ಪ್ರಾಣಕ್ಕೇ ಸಂಚಕಾರವಾಗಬಹುದು. ನೆನಪನ್ನು ಕುಂದಿಸಬಲ್ಲ ಕಾಯಿಲೆಗೆ ನೆನಪನ್ನೇ ಬೇಡುವ ಚಿಕಿತ್ಸೆ! ಮಕ್ಕಳು ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಹಿರಿಯರಷ್ಟೇ ಉಳಿದಿರುವ ಕಡೆ ಈ ಮಾತು ಇನ್ನಷ್ಟು ಗಂಭೀರ.

ಇದರ ಆರ್ಥಿಕ ಮುಖವೂ ಗಮನಾರ್ಹ. ಕಾಫಿ ಕೊಯ್ಲಿನ ಕಾಲದಲ್ಲಿ ಬೆರಳು ಬಿಗಿದ ಕಾರ್ಮಿಕ ಮಹಿಳೆ ಕೂಲಿಯನ್ನೇ ಕಳೆದುಕೊಳ್ಳುತ್ತಾಳೆ. ಗೃಹಿಣಿಯ ಬಿಗಿದ ಬೆರಳಿಗಂತೂ ಯಾವ ಲೆಕ್ಕಪತ್ರದಲ್ಲೂ ಕಾಲಂ ಇಲ್ಲ.

ಪರಿಹಾರಕ್ಕೆ ಹೊಸ ಇಲಾಖೆ ಬೇಕಿಲ್ಲ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ನಿಮ್ಹಾನ್ಸ್ ಸಹಯೋಗದ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿತು. ಕೀಲುನೋವಿಗೆ ಬಂದವರ ಮರೆವನ್ನೂ ಮರೆವಿಗೆ ಬಂದವರ ಕೀಲುಗಳನ್ನೂ ವಿಚಾರಿಸುವುದು ಪದ್ಧತಿಯಾಗಲಿ. ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿದರೆ, ಬೆರಳ ಗೆಣ್ಣುಗಳ ಬಾವು ವಾರಗಟ್ಟಲೆ ಇಳಿಯದಿದ್ದರೆ ರಕ್ತಪರೀಕ್ಷೆಗೆ ಕಳುಹಿಸಲು ಆಶಾ ಕಾರ್ಯಕರ್ತೆಯರಿಗೆ ತಿಳಿವಳಿಕೆ ನೀಡಲಿ. ಚಿಕಿತ್ಸೆ ಬೇಗ ಆರಂಭವಾದಷ್ಟೂ ಕೀಲುಗಳು ಉಳಿಯುತ್ತವೆ.

ಗುಳಿಗೆಯ ಪಟ್ಟಿಯ ಮೇಲೆ ಸೇವಿಸುವ ವಾರದ ಹೆಸರನ್ನು ಔಷಧ ಅಂಗಡಿಯವರು ಕನ್ನಡದಲ್ಲೇ ಬರೆದುಕೊಡಲಿ. ಆ ದಿನ ಊರಿನ ಸಂತೆಯ ದಿನವಾದರೆ ಇನ್ನೂ ಒಳ್ಳೆಯದು. ಮಡಿಕೇರಿಯವರಿಗೆ ಶುಕ್ರವಾರವನ್ನು ಯಾರೂ ನೆನಪಿಸಬೇಕಿಲ್ಲ.